ಹುಳಕ್ಕೆ ಬಿಟ್ಟ ಚಪ್ಪಲಿ

ಎಣ್ಣೆ ಬಿದ್ದ ಬಾವೀಲಿ ಹುಳ ಬಿಟ್ಟಿದ್ದೇ ಲಾಭ. ಹಿರಿಯರ ಗಾದೆಯಲ್ಲಿ ಉರಿಯುವ ಮನೆಯಿತ್ತು, ಹಿರಿಯುವ ಗಳವಿತ್ತು. ಮಾದಿಹಳ್ಳಿ ಪಕ್ಕದ ಕಾಲೊನಿಯಲ್ಲಿ ಗಳ ಹಿರಿಯುವಂಥ ಮನೆ ಯಾರಿಗೂ ಇಲ್ಲದ್ದರಿಂದ ಗಾದೆಯೇ ಕೊಂಚ ರಿಪೇರಿಯಾಗಬೇಕಾಯಿತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಎರಡೂ ಸುಳ್ಳಾಗಲಿ, ಹುಚ್ಚಣ್ಣನ ಅಂಗಾಲಿನ ಬೊಕ್ಕೆ ಮಾತ್ರ ಸುಳ್ಳಲ್ಲ. ಇದು ನಡೆದ ಕಥೆ.

ಹಗರೆ ರಸ್ತೆಯ ಟಾರು ಪ್ಲಾಂಟಿನಲ್ಲಿ ಜಲ್ಲಿ ಕಾಯಿಸಲು ಇಟ್ಟಿದ್ದ ಫರ್ನೆಸ್ ಆಯಿಲಿನ ಟ್ಯಾಂಕು ಸೀಳಿ, ಎಣ್ಣೆ ಇಳಿಜಾರು ಹಿಡಿದು ಕಾಲೊನಿಯ ಬಾವಿಗೆ ಬಂತು. ಇಳಿಬಿಟ್ಟ ಕೊಡ ಕಪ್ಪಾಗಿ ಮೇಲೆ ಬಂತು. ಆ ನೀರಿನ ಮುದ್ದೆ ಕೆಟ್ಟುನಿಂತ ಬಸ್ಸಿನ ವಾಸನೆ ಹೊಡೆಯಿತು. ಮೇಲಿನಿಂದ ಆರ್ಡರಾಯಿತು: ಮಣ್ಣು, ಬಾವಿ ಸ್ವಚ್ಛವಾಗುವವರೆಗೆ ಪ್ಲಾಂಟಿನವರು ದಿನಕ್ಕೊಂದು ಟ್ಯಾಂಕರ್ ನೀರು ಕೊಡಬೇಕು. ಸ್ವಚ್ಛವೆಂದು ಪರಿಸರ ಅಧಿಕಾರಿಯ ಸಹಿ ಬಿದ್ದ ದಿನ ಟ್ಯಾಂಕರ್ ಬಂದ್.

ಪ್ಲಾಂಟಿನ ಕಡೆಯಿಂದ ಕಂಟ್ರಾಕ್ಟರ್ ಶಿವಪ್ರಕಾಶ್ ಮೂಟೆಗಳನ್ನು ತಂದಿಳಿಸಿದ.

"ಇದ್ರಲ್ಲಿ ಬ್ಯಾಕ್ಟೀರಿಯಾ ಅವೆ ಕಣ್ರಣ್ಣ. ಕಣ್ಣಿಗೆ ಕಾಣದ ಹುಳ. ಎಣ್ಣೇನ ಪಾಯಸದಂಗೆ ತಿಂತವೆ."

"ತಿಂದು ಏನ್ ಬಿಡ್ತವೆ ಸಾಮಿ?" ಹುಚ್ಚಣ್ಣನ ಹೆಂಡತಿ ದೇವೀರಮ್ಮ ಕೇಳಿದಳು.

"ಗಾಳಿ ಬಿಡ್ತವೆ."

"ಅಂಗಾರೆ ನಮ್ಮ ಮೆಂಬರ್ರಂಗೇ ಬಿಡಿ."

ಕಾಲೊನಿಯ ಇಪ್ಪತ್ತು ಜನ ಗುದ್ದಲಿ ಹಿಡಿದರು. ಎಣ್ಣೆ ಕುಡಿದ ಮಣ್ಣು ಅಗೆದು, ಸಗಣಿ, ಹುಲ್ಲು, ಮೂಟೆಯ ಪುಡಿ ಬೆರೆಸಿ, ನೀರು ಚಿಮುಕಿಸಿ ಗುಡ್ಡೆ ಹಾಕಬೇಕು. ಮೂರು ದಿನಕ್ಕೊಮ್ಮೆ ಮಗುಚಬೇಕು, ಹುಳಕ್ಕೆ ಉಸಿರು ಬೇಕಲ್ಲ! ಮೊದಲ ದಿನ ಎಲ್ಲರಿಗೂ ರಬ್ಬರ್ ಬೂಟು ತೊಡಿಸಿ ಫೋಟೊ ತೆಗೆದರು. ಫೋಟೊ ಮುಗಿದದ್ದೇ ಬೂಟು ವಾಪಸ್.

"ಯಾಕ್ ಬಿಚ್ಬೇಕು?" ಹುಚ್ಚಣ್ಣ ಕೇಳಿದ.

ಶಿವಪ್ರಕಾಶ್ ಕಾಲೊನಿಯ ಬುದ್ಧವಿಹಾರದ ಕಡೆ ತಿರುಗಿ ಕೈಮುಗಿದ. "ಕೋಟಿ ಕೋಟಿ ಜೀವ ಅವೆ ಒಳಗೆ. ಬೂಟು, ಚಪ್ಲಿ ತುಳಿದ್ರೆ ಸಾಯ್ತವೆ. ಬೇರೆಯವರಿಗಾಗಿದ್ರೆ ಹೇಳ್ತಿರಲಿಲ್ಲ. ನೀವು ಬುದ್ಧನ ಮಕ್ಕಳು ಕಣ್ರಣ್ಣ. ಜೀವಹಿಂಸೆ ಮಾಡ್ತೀರಾ?"

ಇಪ್ಪತ್ತು ವರ್ಷದ ಹಿಂದೆ ಯಜಮಾನರ ಬೀದಿಯಲ್ಲಿ ಚಪ್ಪಲಿ ಬಿಡೋದಿಲ್ಲ ಎಂದು ನಿಂತು, ಮುಂಗೈ ಮುರಿಸಿಕೊಂಡು, ಚಪ್ಪಲಿಯಲ್ಲೇ ಆ ಬೀದಿ ದಾಟಿದವನು ಹುಚ್ಚಣ್ಣ. ಏಟಿಗೆ ಬಿಡದ ಚಪ್ಪಲಿಯನ್ನು ಕರುಣೆಗೆ ಬಿಟ್ಟ. ಅವನು ಬಿಟ್ಟನೆಂದು ಉಳಿದವರೂ ಬಿಟ್ಟರು.

ಹದಿನೈದೇ ದಿನಕ್ಕೆ ಎಲ್ಲರ ಅಂಗಾಲು ಬಿರಿದು ಬೊಕ್ಕೆಯೆದ್ದವು. ಆದರೂ ಹುಚ್ಚಣ್ಣ ಗುಡ್ಡೆಯ ಮೇಲೆ ತುದಿಗಾಲಲ್ಲೇ ನಡೆಯುತ್ತಿದ್ದ. ಸಂಜೆ ತಿಪ್ಪೆಗೆ ಚುಚ್ಚಿ ನೋಡುವಂತೆ ಹಾರೆ ಚುಚ್ಚಿ, ಕಿತ್ತು, ಮುಟ್ಟಿ ನೋಡುತ್ತಿದ್ದ. ಬೆಚ್ಚಗಿರುತ್ತಿತ್ತು. "ಬದುಕವೆ ಕಣೇ," ಎಂದು ಹೆಂಡತಿಗೆ ಹೇಳುತ್ತಿದ್ದ, ಕರು ಹಾಕಿದ ಹಸುವಿನ ಸುದ್ದಿ ಹೇಳಿದಂತೆ.

ತಿಂಗಳು ತುಂಬುವ ಮೊದಲೇ ಶಿವಪ್ರಕಾಶ್ ಮಗುಚುವುದನ್ನು ನಿಲ್ಲಿಸಿದ. ಗುಡ್ಡೆಯ ಮೇಲೆ ಕೆಮ್ಮಣ್ಣು ಸುರಿಸಿ ಸಾರಿಸಿದಂತೆ ಮಾಡಿಸಿದ. "ಕೆಲಸ ಆಯ್ತು. ನಾಳೆ ಸಹಿ."

ಮರುದಿನ ಪರಿಸರ ಅಧಿಕಾರಿ ರಂಜನಾ ಜೀಪಿನಿಂದ ಬೂಟುಗಾಲಲ್ಲೇ ಇಳಿದು ಗುಡ್ಡೆಯತ್ತ ನಡೆದರು. ಹುಚ್ಚಣ್ಣ ಎರಡೂ ಕೈ ಚಾಚಿ ಅಡ್ಡ ನಿಂತ.

"ಬೂಟ್ ಬಿಟ್ ಬನ್ನಿ ಮೇಡಮ್ಮೋರೆ. ಹುಳ ಸಾಯ್ತವೆ."

"ಯಾರು ಹೇಳಿದ್ದು?"

ದೇವೀರಮ್ಮ ಮುಂದೆ ಬಂದಳು. ಹೊಟ್ಟೆ ಮುಂದೆ ಮಾಡಿ, ಕತ್ತು ಓರೆ ಮಾಡಿ, ಕೈಮುಗಿದು, ಗಂಟಲಿಗೆ ಬೆಲ್ಲ ಸವರಿಕೊಂಡಳು. "ನೀವು ಬುದ್ಧನ ಮಕ್ಕಳು ಕಣ್ರಣ್ಣ..." ಥೇಟ್ ಶಿವಪ್ರಕಾಶ್.

ರಂಜನಾ ಒಬ್ಬೊಬ್ಬರ ಕಾಲನ್ನೂ ನೋಡಿದರು. "ಬೂಟಿಗೆ ಬ್ಯಾಕ್ಟೀರಿಯಾ ಸಾಯಲ್ಲ. ಎಣ್ಣೆ ನಿಮ್ಮ ಕಾಲಿಗೆ ತಾಗಬಾರದು ಅಂತ ಬೂಟು. ಎಲ್ಲರೂ ಹಾಕಿರೋ ಫೋಟೊ ನನ್ನ ಫೈಲಲ್ಲಿದೆ."

ಶಿವಪ್ರಕಾಶ್ ಹಲ್ಲು ಕಿರಿದ. "ತಮಾಷೆಗಂದಿದ್ದೆ ಮೇಡಂ. ಇವರು ನಂಬೇಬಿಟ್ರು."

ಉಳಿದವರೆಲ್ಲ ಹುಚ್ಚಣ್ಣನನ್ನು ನೋಡಿದರು. ಮೊದಲು ಬಿಟ್ಟವನು ಅವನು. ಅವನು ಹಾರೆ ಎತ್ತಿ ಕೆಮ್ಮಣ್ಣಿನೊಳಕ್ಕೆ ಎದೆಮಟ್ಟ ಇಳಿಸಿ ಕಿತ್ತ. ತಣ್ಣಗಿತ್ತು. ತುದಿಯಿಂದ ಕರಿ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಇದೂ ತಮಾಷೆನಾ ಕೇಳಿ ಮೇಡಮ್ಮೋರೆ. ಉಸಿರು ಕಟ್ಸಿ ಸಾಯ್ಸವ್ನೆ. ಜೀವಹಿಂಸೆ ಮಾಡ್ದೋನು ಯಾರು?"

ರಂಜನಾ ಪೆನ್ನಿನ ಮುಚ್ಚಳ ಹಾಕಿದರು. "ಸಹಿ ಇಲ್ಲ. ಟ್ಯಾಂಕರ್ ನಿಲ್ಲಿಸೋ ಹಾಗಿಲ್ಲ."

"ನಾಳೆಯಿಂದ ಮಗುಚ್ಸಿದ್ರಾಯ್ತು ಬಿಡಿ," ಎನ್ನುತ್ತ ಶಿವಪ್ರಕಾಶ್ ಕಾರಿನತ್ತ ಜಾರಿದ. ಜನ ಸುತ್ತ ಕೂಡಿಕೊಂಡರು. ಯಾರೂ ಕೈ ಎತ್ತಲಿಲ್ಲ. ದಾರಿಯನ್ನೂ ಬಿಡಲಿಲ್ಲ.

"ನಾಳೆ ಯಾಕೆ?" ದೇವೀರಮ್ಮ ಗುದ್ದಲಿ ಚಾಚಿದಳು. "ಬೂಟ್ ಬಿಚ್ಚು."

ಅವನು ಮೇಡಂ ಕಡೆ ನೋಡಿದ. ಮೇಡಂ ಬಾವಿಯೊಳಕ್ಕೆ ಬಗ್ಗಿ ನೋಡುತ್ತಿದ್ದರು.

ಶಿವಪ್ರಕಾಶ್ ಬರಿಗಾಲಲ್ಲಿ ಗುಡ್ಡೆ ಹತ್ತಿದ. ಕೆಮ್ಮಣ್ಣು ಕುಸಿದು ಪಾದಕ್ಕೆ ಎಣ್ಣೆ ತಾಗಿದ್ದೇ ತಡ, ಬೆಕ್ಕಿನಂತೆ ತುದಿಗಾಲಾದ.

"ಮೆಲ್ಲಗೆ ಕಣ್ರಣ್ಣ," ಹುಚ್ಚಣ್ಣ ಕೈಮುಗಿದ. "ಕೋಟಿ ಕೋಟಿ ಜೀವ ಅವೆ ಒಳಗೆ!"

ಕಾಲೊನಿಯೇ ನಕ್ಕಿತು. ಬೊಕ್ಕೆ ಒಡೆದ ಕಾಲನ್ನು ನೆಲಕ್ಕೆ ಬಡಿಯುತ್ತ, ಎಲ್ಲರಿಗಿಂತ ಜೋರಾಗಿ, ಹುಚ್ಚಣ್ಣ ನಕ್ಕ.