ಗ್ರಿಜ್ಲಿಗೆ ಆಯುಧಪೂಜೆ

“ಲೇ ಗುಂಡಪ್ಪ, ನಿಂಬೆಹಣ್ಣು ಇಡೋದು ಬಂಪರ್ ಮೇಲಲ್ಲ ಕಣೋ, ಚಕ್ರದ ಬುಡಕ್ಕೆ! ಥೂ, ಐರ್ಲೆಂಡಿಗೆ ಬಂದ್ರೂ ಕೇರಿ ಬುದ್ಧಿ ಬಿಡಲಿಲ್ಲ ನೋಡು ನಿಂಗೆ.”

ಹಾಗಂದವನು ವೆಂಕಟೇಶಮೂರ್ತಿ, ಕಾರ್ಕ್ ಊರಾಚೆಯ ಬ್ರಾಕ್ಸ್‌ಟನ್ ಎಂಬ ಅಮೆರಿಕದ ಕಂಪನಿಯ ಕಾರ್ ಶೋರೂಮಿನ ಮ್ಯಾನೇಜರು. ಮೇಲೆ ಕಂಪನಿಯ ಕೋಟು, ಕೆಳಗೆ ರೇಷ್ಮೆ ಪಂಚೆ, ಕಾಲಿಗೆ ಏನೂ ಇಲ್ಲ. ಪೂಜೆಯ ಮಡಿಯೆಂದು ಅಕ್ಟೋಬರಿನ ಚಳಿಯಲ್ಲಿ, ಒದ್ದೆ ಅಂಗಳದ ಮೇಲೆ, ಬೆಕ್ಕಿನ ಹಾಗೆ ಪಾದ ಎತ್ತೆತ್ತಿ ಇಡುತ್ತಿದ್ದ.

ಗುಂಡಪ್ಪ ಮಂಡಿಯೂರಿ, ಗ್ರಿಜ್ಲಿ ಎಂಬ ಆ ಆನೆಗಾತ್ರದ ಪಿಕಪ್ಪಿನ ಹಿಂದಿನ ಚಕ್ರದ ಬುಡಕ್ಕೆ ನಿಂಬೆಹಣ್ಣು ಸರಿಸಿದ. ಚಕ್ರ ಒರೆಸುವಷ್ಟು ಹೊತ್ತು ಅದನ್ನು ಬಂಪರಿನ ಮೇಲಿಟ್ಟಿದ್ದ, ಅಷ್ಟೆ. ಹಾಗಂತ ಹೇಳಲಿಲ್ಲ. ಮೂರ್ತಿಯ ಮುಂದೆ ಬಾಯಿಗೆ ಬಂದದ್ದನ್ನು ನುಂಗುವುದು ಅವನಿಗೆ ಈಚೆಗೆ ಚೆನ್ನಾಗಿ ರೂಢಿಯಾಗಿತ್ತು.

ಈ ಗ್ರಿಜ್ಲಿಯದೇ ಒಂದು ಕಥೆ. ಅಮೆರಿಕದಲ್ಲಿ ಕೂತ ಯಾವನೋ ಪುಣ್ಯಾತ್ಮ, ಪ್ರಪಂಚದ ರಸ್ತೆಗಳೆಲ್ಲ ತನ್ನ ಮನೆ ಮುಂದಿನ ರಸ್ತೆಯಷ್ಟೇ ಅಗಲ ಅಂದುಕೊಂಡು ಮಾಡಿಸಿದ ಗಾಡಿ. ವೆಸ್ಟ್ ಕಾರ್ಕಿನ ಓಣಿಗೆ ಇಳಿಸಿದರೆ ಒಂದು ಕನ್ನಡಿ ಬೇಲಿಯ ಪಾಲು, ಇನ್ನೊಂದು ಎದುರು ಬಂದವನ ಪಾಲು. ಕೊಂಡ ಒಬ್ಬ ರೈತ ವಾರದೊಳಗೆ ವಾಪಸ್ ತಂದು, “ಇದು ಬಂದರೆ ನನ್ನ ಹಸುಗಳು ರಿವರ್ಸ್ ಹೋಗಬೇಕು” ಎಂದು ಕೀಲಿಕೈ ಮೇಜಿನ ಮೇಲೆ ಎಸೆದು ಹೋಗಿದ್ದ. ಅಷ್ಟರಲ್ಲಿ ರಸ್ತೆಯಾಚೆ ಚೀನಾದವರು ಅಂಗಡಿ ತೆರೆದರು. ಕರೆಂಟಿನ ಗಾಡಿ, ಸದ್ದಿಲ್ಲ, ಹೊಗೆಯಿಲ್ಲ. ಬ್ರಾಕ್ಸ್‌ಟನ್‌ನ ದೊಡ್ಡವರು ಮೊದಲು ನಕ್ಕರು. “ಮಕ್ಕಳ ಆಟಿಕೆ” ಅಂದರು. ಆಮೇಲೆ “ಅನ್ಯಾಯ, ಮೋಸ” ಅಂದರು. ಕೊನೆಗೆ “ನಮ್ಮ ಗಮನವನ್ನು ತಾಯ್ನಾಡಿನ ಮಾರುಕಟ್ಟೆಯತ್ತ ತಿರುಗಿಸುತ್ತಿದ್ದೇವೆ” ಎಂದು ಹೇಳಿಕೆ ಕೊಟ್ಟರು. ಅಂದರೆ, ಬಾಲ ಮುದುರಿಕೊಂಡು ಓಡುತ್ತಿದ್ದೇವೆ ಎಂದು.

ಶೋರೂಮಿನ ಐರಿಶ್ ಮಾಲೀಕ ಜಾಗವನ್ನು ಅದೇ ಚೀನಾ ಕಂಪನಿಗೆ ಕೊಟ್ಟಿದ್ದ. ನಾಳೆ ಬೆಳಿಗ್ಗೆ ಅವರು ಬರುವಾಗ ಅಂಗಳ ಖಾಲಿಯಿರಬೇಕು; ಮಾರಾಟವಾಗದೆ ತಿಂಗಳುಗಟ್ಟಲೆ ನಿಂತ ಗ್ರಿಜ್ಲಿಗಳೆಲ್ಲ ಇವತ್ತೇ ಟ್ರೇಲರ್ ಹತ್ತಿ ಬಂದರಿಗೆ ಹೋಗಬೇಕು. ಅಷ್ಟು ಮಾಡಿಕೊಟ್ಟರೆ ಮೂರ್ತಿಗೆ ಹೊಸ ಯಜಮಾನರ ಕೆಳಗೂ ಇದೇ ಕುರ್ಚಿ. ಗ್ಯಾರೇಜಿನ ಮೂವರು ಮೆಕ್ಯಾನಿಕ್ಕುಗಳಲ್ಲಿ ಒಬ್ಬರಿಗೆ ಮಾತ್ರ ಜಾಗ.

“ಆ ಒಬ್ಬ ನೀನೇ ಕಣೋ,” ಎಂದು ಹೋದ ತಿಂಗಳು ಮೂರ್ತಿ ಗುಂಡಪ್ಪನ ಭುಜದ ಹತ್ತಿರ, ಭುಜ ತಾಗದ ಹಾಗೆ, ಬಾಯಿ ತಂದು ಹೇಳಿದ್ದ. “ನಾವು ನಾವು ಒಂದೇ ಕಡೆಯವರು. ಆದ್ರೆ ಯಾರ ಹತ್ರಾನೂ ಬಾಯಿ ಬಿಡಬೇಡ. ನಿನ್ನ ಪರ್ಮಿಟ್ಟು ನನ್ನ ಕೈಯಲ್ಲಿದೆ, ಜ್ಞಾಪಕ ಇರ್ಲಿ.”

ಜ್ಞಾಪಕ ಇರದೆ ಏನು? ಅಂದಿನಿಂದ ಗುಂಡಪ್ಪ ರಜೆಯ ದಿನಗಳಲ್ಲಿ ಮೂರ್ತಿಯ ಮನೆ ಹಿಂದಿನ ಹುಲ್ಲು ಕತ್ತರಿಸಿದ, ಅವನ ಹೆಂಡತಿಯ ಕಾರು ತೊಳೆದ. ತಿ. ನರಸೀಪುರದ ಕಡೆಯವನು, ಮೈಸೂರಿನ ಗ್ಯಾರೇಜಿನಿಂದ ಕೆಲಸದ ಪರ್ಮಿಟ್ಟು ಹಿಡಿದು ಇಲ್ಲಿಗೆ ಬಂದವನು. ಕೆಲಸ ಹೋಗಿ ಇನ್ನೊಂದು ಸಿಗದಿದ್ದರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕು. ಹೆಂಡತಿ ತುಂಗಮ್ಮ ಹೇಗೋ ಹೊರಟಾಳು. ಮಗಳು ತನ್ವಿ? “ಉಂಡ್ಯೇನವ್ವ?” ಅಂದರೆ “ಐ ಆ್ಯಮ್ ಗ್ರ್ಯಾಂಡ್, ಡ್ಯಾಡ್, ಲೈಕ್” ಎಂದು ಕಾರ್ಕಿನ ರಾಗ ಎಳೆಯುವ ಹುಡುಗಿ. ಅವಳನ್ನು ನರಸೀಪುರದ ಯಾವ ಸ್ಕೂಲಿನ ಬೆಂಚಿನ ಮೇಲೆ ಕೂರಿಸುವುದು?

ಅಷ್ಟರಲ್ಲಿ ಅತಿಥಿಗಳು ಬಂದರು. ಊರಿನ ಕನ್ನಡದ ಸಾಫ್ಟ್‌ವೇರ್ ಕುಟುಂಬಗಳು. ಹಬ್ಬಕ್ಕೆಂದು ಆಫೀಸಿಗೆ ಹೊಟ್ಟೆನೋವು ಹೇಳಿ ಬಂದವರು. ಇವರಿಗೆ ಮುಂದೆ ಚೀನಾ ಕಾರು ಮಾರಬೇಕೆಂದೇ ಮೂರ್ತಿ ಈ ಪೂಜೆ ಹೂಡಿದ್ದ. ಪುರೋಹಿತ ಅನಂತಕೃಷ್ಣನಿಗೆ ವಾರವೆಲ್ಲ ಅಮೆರಿಕದ ಕಂಪನಿಯಲ್ಲಿ ಸಾಫ್ಟ್‌ವೇರು, ಹಬ್ಬ ಬಂದರೆ ಮಂತ್ರ. ಅಮೆರಿಕದ ಗಾಡಿಗಳಿಗೆ ಪೂಜೆ ಮಾಡಲು ಅವನು ಇಳಿದದ್ದು ಹೊಚ್ಚಹೊಸ ಚೀನಾ ಕಾರಿನಿಂದ. ಅದರ ಬಾಗಿಲು ಮುಚ್ಚಿದ್ದು ಯಾರಿಗೂ ಕೇಳಿಸಲೇ ಇಲ್ಲ.

ಗ್ರಿಜ್ಲಿಯ ಮುಂದೆ ಮೇಜು, ಮೇಜಿನ ಮೇಲೆ ಗ್ಯಾರೇಜಿನ ಅಷ್ಟೂ ಸಾಮಾನು: ಸ್ಪ್ಯಾನರು, ಜಾಕು, ಸುತ್ತಿಗೆ, ಸತ್ತ ಬ್ಯಾಟರಿಗೆ ಜೀವ ಕೊಡುವ ಬೂಸ್ಟರು. ಎಲ್ಲಕ್ಕೂ ಕುಂಕುಮ, ಎಲ್ಲಕ್ಕೂ ಸೇವಂತಿಗೆ. ಪಕ್ಕದಲ್ಲಿ ತುಂಗಮ್ಮ ನಸುಕಿನಲ್ಲೆದ್ದು ಮಾಡಿಕೊಟ್ಟ ಚಿತ್ರಾನ್ನದ ದೊಡ್ಡ ಪಾತ್ರೆ. ಎಲ್ಲರೂ ಏನಾದರೂ ತನ್ನಿ ಎಂದು ಮೂರ್ತಿಯೇ ಹೇಳಿದ್ದ.

ಅನಂತಕೃಷ್ಣ ಮುಚ್ಚಳ ತೆಗೆದು ಮೂಸಿದ. “ಆಹಾ! ಯಾರು ಮಾಡಿದ್ದು?”

“ನಮ್ಮನೆಯವ್ಳು ಸಾ,” ಎಂದ ಗುಂಡಪ್ಪ, ತುಸು ಹಿಗ್ಗಿನಿಂದಲೇ.

“ಓ. ಒಳ್ಳೇದು, ಒಳ್ಳೇದು.” ಮುಚ್ಚಳ ಮೆತ್ತಗೆ ಮುಚ್ಚಿಕೊಂಡಿತು. “ನೈವೇದ್ಯಕ್ಕೆ ಬೇಡ ಅಲ್ವಾ ಮೂರ್ತಿ? ಈರುಳ್ಳಿ ಗೀರುಳ್ಳಿ ಇರುತ್ತೆ.”

“ಈರುಳ್ಳಿ ಆಕಿಲ್ಲ ಸಾ.”

“ಹಾಕಿಲ್ದೇ ಇದ್ರೂ...” ಅನಂತಕೃಷ್ಣ ನಕ್ಕ. ಆ ನಗುವಿನಲ್ಲಿ ಕೋಪವಿರಲಿಲ್ಲ, ದ್ವೇಷವಿರಲಿಲ್ಲ. ರಸ್ತೆಯ ಮೇಲಿನ ಹೊಂಡವನ್ನು ಬಳಸಿಕೊಂಡು ಹೋಗುವವನ ನಗು ಅದು.

“ಗುಂಡಪ್ಪ ಅವರೇ,” ಎಂದ ಮೂರ್ತಿ. ಜನರೆದುರು ಅವನ ಬಾಯಲ್ಲಿ ‘ಅವರೇ’ ತಾನಾಗಿ ಬರುತ್ತಿತ್ತು. “ಆ ಪಾತ್ರೆ ಹಿಂದುಗಡೆ ಟೈರ್ ರೂಮಲ್ಲಿ ಇಟ್ಟುಬಿಡಿ. ಹಾಗೇ ಅತಿಥಿಗಳ ಶೂ ಕಡೆ ಸ್ವಲ್ಪ ನೋಡ್ಕೊಳ್ಳಿ.”

ಗುಂಡಪ್ಪ ಪಾತ್ರೆ ಹೊತ್ತು ಹೋಗಿ ಇಟ್ಟುಬಂದ. ಬರುವಷ್ಟರಲ್ಲಿ, ಅವನು ಒರೆಸಿ ಹೊಳಪು ಕೊಟ್ಟಿದ್ದ ಗ್ರಿಜ್ಲಿಯ ಮೇಲೆ ಅನಂತಕೃಷ್ಣ ಮಾವಿನೆಲೆಯಲ್ಲಿ ನೀರು ಚಿಮುಕಿಸಿ ಶುದ್ಧ ಮಾಡುತ್ತಿದ್ದ. ಮೇಲಿನಿಂದ ಐರ್ಲೆಂಡಿನ ಮಳೆಯೂ ಅದೇ ಕೆಲಸ ಹಿಡಿದಿತ್ತು.

ಮಂಗಳಾರತಿ ಮುಗಿಯಿತು. ಮೂರ್ತಿ ಮೈಕು ಹಿಡಿದ. ಮೈಕು ಸಿಕ್ಕರೆ ಅವನಿಗೆ ಮತ್ತು ಏರಿದಂತೆ.

“ಬಂಧುಗಳೇ, ಬಿಳಿ ಜನ ಮಷೀನನ್ನ ಬರೀ ದುಡಿಸ್ತಾರೆ. ನಾವು ಹಾಗಲ್ಲ! ಪೂಜೆ ಆದ ಆಯುಧವನ್ನ ನಾಳೆ ಬೆಳಗಿನವರೆಗೂ ಯಾರೂ ಮುಟ್ಟಬಾರದು. ಅವಕ್ಕೆ ವಿಶ್ರಾಂತಿ. ಇದು ಕಣ್ರೀ ನಮ್ಮ ಸಂಸ್ಕೃತಿ!”

ಚಪ್ಪಾಳೆ ಬಿತ್ತು. ಅದನ್ನೇ ಇಂಗ್ಲಿಷಿನಲ್ಲೂ ಹೇಳಿ ಇನ್ನೊಂದು ಚಪ್ಪಾಳೆ ಗಿಟ್ಟಿಸಿದ. ಗ್ರಿಜ್ಲಿಗಳನ್ನು ಒಯ್ಯಬೇಕಾದ ಟ್ರೇಲರ್ ಇನ್ನೂ ಬಂದೇ ಇಲ್ಲ ಎನ್ನುವುದು ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ಇರಲಿಲ್ಲ.

ಗುಂಡಪ್ಪ ಟೈರ್ ರೂಮಿಗೆ ಬಂದಾಗ ಉಳಿದ ಇಬ್ಬರು ಮೆಕ್ಯಾನಿಕ್ಕುಗಳು ಆಗಲೇ ಪಾತ್ರೆಗೆ ಮುತ್ತಿದ್ದರು: ಕಾರ್ಕಿನವನೇ ಆದ ಡೊನಾಲ್, ಬ್ರೆಜಿಲ್‌ನ ಲೂಸಿಯಾ. ಅವರು ಆಡಿದ್ದು ಇಂಗ್ಲಿಷೇ. ಆದರೆ ದಿನಾ ಒಟ್ಟಿಗೆ ಗ್ರೀಸು ಬಳಿದುಕೊಂಡ ಗುಂಡಪ್ಪನ ಕಿವಿಗೆ ಅದು ಅವನ ಸೀಮೆಯ ಮಾತಾಗಿಯೇ ಬೀಳುತ್ತಿತ್ತು.

“ಯಾಕ್ಲಾ ಗುಂಡ, ಮಕ ಇಂಗದೆ? ಇಷ್ಟ್ ಸಂದಾಗಿರೋ ಅನ್ನವ ಟೈರ್ ಮಗ್ಗುಲಲ್ಲಿ ಇಡ್ಸವ್ನಲ್ಲ, ಅವ್ನ್ ನಾಲ್ಗೆ ಸೇದೋಗಾ!” ಎಂದ ಡೊನಾಲ್, ಬಾಯ್ತುಂಬ ತುಂಬಿಕೊಂಡು.

“ಆಗ್ಲಿ ಬುಡು. ವಸಿ ತಡ್ಕೊಬೇಕು ಕನ,” ಎಂದ ಗುಂಡಪ್ಪ. ಆಮೇಲೆ ತಡೆಯಲಾರದೆ, “ನಿಮ್ಗೆ ಯೋಳ್ಬಾರ್ದು ಅಂದಿದ್ದ. ಆ ಒಂದ್ ಕೆಲ್ಸ ನಂಗೇ ಅಂತೆ. ಬ್ಯಾಸರ ಮಾಡ್ಕಬ್ಯಾಡಿ,” ಎಂದು ತಲೆ ತಗ್ಗಿಸಿದ.

ಲೂಸಿಯಾಳ ಕೈ ಪಾತ್ರೆಯಲ್ಲೇ ನಿಂತಿತು. “ನಿಂಗಾ? ನಂಗಲ್ವಾ ಅಂದಿದ್ದು? ಅದ್ಕೇ ಅಲ್ವಾ ಅವ್ನ್ ಅಡ್ಗೆಮನ್ಗೆ ಸುಣ್ಣ ಬಣ್ಣ ಬಳ್ದಿದ್ದು ನಾನು!”

ಡೊನಾಲ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಅಯ್ಯೋ ನನ್ನ ಶಿವ್ನೇ! ಅವ್ನ್ ಮನೆ ಸೂರಿನ ನೀರ್ದೋಣೀಲಿ ಕಟ್ಕಂಡಿದ್ದ ಎಲೆ ತೆಗ್ದವ್ನು ನಾನು ಕಣ್ರಲಾ! ಏಣಿ ಮೇಲ್ನಿಂದ ಬಿದ್ದು ಸೊಂಟ ಉಳುಕಿಸ್ಕಂಡೆ!”

ಮೂವರೂ ನಕ್ಕರು. ನಗುವುದು ನಿಂತ ಮೇಲೆ ಡೊನಾಲ್ ಫೋನು ತೆಗೆದು, ರಸ್ತೆಯಾಚೆಯ ಚೀನಾ ಅಂಗಡಿಯಲ್ಲಿದ್ದ ತನ್ನ ದೊಡ್ಡಮ್ಮನ ಮಗನಿಗೆ ಹಚ್ಚಿದ. ಕೇಳಿಸಿಕೊಂಡ. ಇಟ್ಟ.

“ಅವ್ರ್ ಮೆಕ್ಯಾನಿಕ್ಕು ಅವ್ರೇ ಕರ್ಕಬತ್ತಾರಂತೆ. ನಮ್ಮಲ್ಲಿ ಒಬ್ರೂ ಬ್ಯಾಡ್ವಂತೆ. ಇದು ಮೂರ್ತಿಗೆ ಮೊದಲಿಂದ್ಲೂ ಗೊತ್ತಂತೆ.”

ಗುಂಡಪ್ಪನ ಬಾಯಲ್ಲಿದ್ದ ಚಿತ್ರಾನ್ನದ ಕಡಲೆಬೀಜ ಅಗಿಯದೆ ಹಾಗೇ ಉಳಿಯಿತು. ತನ್ವಿಯ ಸ್ಕೂಲ್ ಬ್ಯಾಗು ಕಣ್ಣ ಮುಂದೆ ಬಂತು. ಆಮೇಲೆ ತಾನು ಕತ್ತರಿಸಿದ ಆ ಹುಲ್ಲೆಲ್ಲ ಬಂತು.

ಹೊರಗೆ ಟ್ರೇಲರ್ ಹಾರನ್ನು ಕೂಗಿತು. ಅದರ ಬೆನ್ನಿಗೇ ಮೂರ್ತಿ ಕೂಗಿದ. ಹೊತ್ತು ಇಳಿಯುತ್ತಿತ್ತು, ಡ್ರೈವರು ಕೆಳಗಿಳಿಯದೆ, ಹಡಗು ಯಾರಿಗೂ ಕಾಯುವುದಿಲ್ಲ ಎಂದು ಕಿಟಕಿಯಿಂದಲೇ ಬೈಯುತ್ತಿದ್ದ. ಗ್ರಿಜ್ಲಿಗಳ ಬ್ಯಾಟರಿಗಳೋ, ನಿಂತಲ್ಲೇ ನಿಂತು ಸತ್ತುಹೋಗಿದ್ದವು.

“ಲೋ, ಎಲ್ಲಿ ಸತ್ತಿದ್ಯೋ? ಬೂಸ್ಟರ್ ತಗೊಂಡು ಬಾ ಬೇಗ!”

ಮೂವರೂ ನಿಧಾನವಾಗಿ ಅಂಗಳಕ್ಕೆ ಬಂದರು. ಡೊನಾಲ್ ತಟ್ಟೆಯಿಂದ ಕುಂಕುಮ ತೆಗೆದು ಹಣೆಗೆ ದಪ್ಪಗೆ ಬಳಿದುಕೊಂಡು, ಲೂಸಿಯಾಳಿಗೂ ಬಳಿದ. ಅತಿಥಿಗಳು ಮೆಚ್ಚಿ ಫೋಟೊ ತೆಗೆದರು.

“ಯಾವ ಬೂಸ್ಟರು ಸಾ?” ಎಂದ ಗುಂಡಪ್ಪ.

“ತಮಾಷೆ ಮಾಡ್ತೀಯೇನೋ? ಅಲ್ಲಿ ಕೂತಿದೆಯಲ್ಲ, ಹೂವು ಮುಡ್ಕೊಂಡು!”

“ಅದು ಈಗ ದೇವ್ರು ಕನ ಸಾ. ನಾಳೆ ಬೆಳಗ್ಗಂಟ ಮುಟ್ಟಂಗಿಲ್ಲ. ನೀವೇ ಮೈಕಲ್ಲಿ ಅಂದ್ರಿ.”

ಮೂರ್ತಿ ಹತ್ತಿರ ಬಂದು ಹಲ್ಲು ಕಚ್ಚಿದ. “ಅದು ಜನಕ್ಕೆ ಹೇಳಿದ್ದು ಕಣೋ ಬೋಳಿಮಗನೆ!”

ಜನಕ್ಕೆ ಅದೂ ಕೇಳಿಸಿತು. ಎಲ್ಲರೂ ಅನಂತಕೃಷ್ಣನ ಮುಖ ನೋಡಿದರು. ಅವನು ಶಲ್ಯ ಸರಿಪಡಿಸಿಕೊಂಡ. ಸಂಸ್ಕೃತಿಗೆ ಚಪ್ಪಾಳೆ ತಟ್ಟಿದ ಕೈಗಳು ಇನ್ನೂ ಬಿಸಿಯಾಗಿದ್ದವು. “ಶಾಸ್ತ್ರ ಅಂತ ನೋಡಿದ್ರೆ... ಮುಟ್ಟಬಾರದು ಮೂರ್ತಿ,” ಎಂದು ಗೊಣಗಿದ.

“ಕೇಳ್ಕೊಂಡ್ರಾ ಸಾ?” ಗುಂಡಪ್ಪನ ದನಿ ಏರಿತು, ಎಷ್ಟೋ ತಿಂಗಳ ಮೇಲೆ ಏರಿತು. “ನಮ್ ಕೈ ಸೋಕಿದ ಅನ್ನನೇ ದೇವ್ರಿಗೆ ಆಗ್ಲಿಲ್ಲ. ಇನ್ನು ದೇವ್ರೇ ಆಗಿ ಕುಂತಿರೋ ಬೂಸ್ಟರ್ನ ನಾನ್ ಮುಟ್ಬುಟ್ರೆ ಎಂಗೆ? ಮೈಲಿಗೆ ಆಗಾಕಿಲ್ವಾ?”

ಒಬ್ಬರೂ ಫೋಟೊ ತೆಗೆಯಲಿಲ್ಲ. ಯಾರೋ ಶೂ ಹುಡುಕತೊಡಗಿದರು. ಡೊನಾಲ್ ಮತ್ತು ಲೂಸಿಯಾ ಟೈರೊಂದನ್ನು ಉರುಳಿಸಿ ತಂದು ಅದರ ಮೇಲೆ ಕೂತು, ಬೊಗಸೆಯಲ್ಲಿ ಉಳಿದಿದ್ದ ಚಿತ್ರಾನ್ನ ತಿನ್ನುತ್ತಿದ್ದರು. ಟ್ರೇಲರಿನವನು ಮತ್ತೆ ಹಾರನ್ನು ಒತ್ತಿದ.

ಮೂರ್ತಿ ಬೆರಳೆತ್ತಿದ. “ನಿನ್ನ ಪರ್ಮಿಟ್ಟು ನನ್ನ ಕೈಯಲ್ಲಿದೆ, ನೆನಪಿಟ್ಕೋ!”

“ಇರ್ಲಿ ಸಾ, ಬುಡಬ್ಯಾಡಿ. ಅದ ಒಂದ್ ಕೈಲಿ ಇಡ್ಕಳಿ. ಇನ್ನೊಂದ್ ಕೈಲಿ ಗಾಡಿ ತಳ್ಳಿ.”

ಮೂರ್ತಿ ಸುತ್ತ ನೋಡಿದ. ಯಾರೂ ಕದಲಲಿಲ್ಲ. ಅವನು ಪಂಚೆ ಎತ್ತಿ ಕಟ್ಟಿ, ಗ್ರಿಜ್ಲಿಯ ಹಿಂದಕ್ಕೆ ಹೋಗಿ, ಎರಡೂ ಕೈಯೂರಿ ತಳ್ಳಿದ. ಗಾಡಿ ಮಿಸುಕಲಿಲ್ಲ. ಉಸಿರು ಬಿಗಿಹಿಡಿದು ಇನ್ನೊಮ್ಮೆ ತಳ್ಳುವಾಗ ಒದ್ದೆ ನೆಲದ ಮೇಲೆ ಪಾದ ಜಾರಿತು. ಚಕ್ರದ ಬುಡದ ನಿಂಬೆಹಣ್ಣು ಅವನ ಬರಿಗಾಲಿನಡಿ ಪಚಕ್ಕೆಂದು ಒಡೆಯಿತು.