ಅತ್ತಿಗೆಯ ಮೊಣಕೈ ಅಳತೆ

ನಮ್ಮ ಅತ್ತಿಗೆಯನ್ನು ಒಮ್ಮೆ ಕಂಡವರು ಅವರ ಮುಖವನ್ನು ಮರೆತರೂ ಮರೆತಾರು, ಆ ಎಡಗೈಯನ್ನು ಮರೆಯಲಾರರು. ಮಾತಿಗಿಂತ ಒಂದು ಕ್ಷಣ ಮುಂಚಿತವಾಗಿಯೇ ಹೊರಡುವ, ಬೆರಳ ತುದಿಗೆ ಸದಾ ಬಳಪದ ಪುಡಿ ಮೆತ್ತಿಕೊಂಡಿರುವ, ಯಾವ ವಸ್ತುವನ್ನು ಕೊಟ್ಟರೂ ಒಮ್ಮೆ ತಿರುಗಿಸಿ ನೋಡದೆ ಸ್ವೀಕರಿಸದ ಕೈ ಅದು. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ವಿಭಾಗವನ್ನು ಅವರು ಇಪ್ಪತ್ತೆರಡು ವರ್ಷ ಆಳಿದರು. ಎಡಗೈಗೆಂದೇ ಹೇಳಿ ಮಾಡಿಸಿದ ಅವರ ಕತ್ತರಿಯನ್ನು ಅಲ್ಲಿ ಕದಿಯುವವರೂ ಇರಲಿಲ್ಲ, ಕದ್ದರೆ ಅದು ಯಾರಿಗೂ ದಕ್ಕುತ್ತಲೂ ಇರಲಿಲ್ಲ.

ಮೊಣಕೈಗಳನ್ನು ತುಸು ಹೊರಚಾಚಿ, ಇಕ್ಕಟ್ಟಾದ ಓಣಿಯಲ್ಲಿ ದಾರಿ ಬಿಡಿಸಿಕೊಂಡು ಹೋಗುವವರಂತೆ ನಡೆಯುತ್ತಾರೆ. ಕುತ್ತಿಗೆಯಲ್ಲಿ ಅಳತೆಪಟ್ಟಿ ಊಟದ ಹೊತ್ತಿನಲ್ಲೂ ಇರುತ್ತದೆ. ಜಗಳವೆಂಬುದನ್ನು ಅವರು ಆಡಿದ್ದೇ ಇಲ್ಲ. ಬದಲಿಗೆ "ಆಯ್ತು, ನೋಡೋಣ" ಎನ್ನುತ್ತಾರೆ. ಆ ಎರಡು ಪದ ಅವರ ಬಾಯಿಂದ ಬಿತ್ತೆಂದರೆ ನಿಮ್ಮ ಮಾತು ನಡೆಯಲಿಲ್ಲವೆಂದೇ ತಿಳಿಯತಕ್ಕದ್ದು. ನನ್ನ ಅಮ್ಮನಿಗೆ, ಅಂದರೆ ಅವರ ಅತ್ತೆಗೆ, ಈ ಸೂಕ್ಷ್ಮ ಅರ್ಥವಾಗಲು ಹತ್ತು ವರ್ಷ ಹಿಡಿಯಿತು. ಅಮ್ಮ ಸೊಸೆಯನ್ನು ಕರೆಯುತ್ತಿದ್ದುದೇ "ಎಡಚಿ" ಎಂದು. ಅದರಲ್ಲಿ ಅರ್ಧ ಅಕ್ಕರೆ, ಅರ್ಧ ಆಕ್ಷೇಪಣೆ. ಲೋಟವೊಂದು ಒಡೆದರೆ ಸಾಕು, ಒಡೆದವನು ನಾನೇ ಆದರೂ, "ಎಡಗೈ ಇರೋ ಮನೇಲಿ ಇನ್ನೇನಾಗುತ್ತೆ" ಎಂದು ತೀರ್ಪು ಹೊರಬೀಳುತ್ತಿತ್ತು.

ಐದು ಬಾಡಿಗೆ ಮನೆಗಳಲ್ಲಿ ನಾವು ಬಾಳಿದೆವು. ಐದರಲ್ಲಿಯೂ ಅಡುಗೆಮನೆಯನ್ನು ಯಾರೋ ಎತ್ತರದ, ಬಲಗೈಯ, ಖಾಲಿ ಕೈಯಲ್ಲಿ ಓಡಾಡುವ ಗಂಡಸು ಕಟ್ಟಿದ್ದನೆಂದು ಕಾಣುತ್ತದೆ. ಕೊನೆಯ ಮನೆಯಲ್ಲಂತೂ ದೀಪದ ಸ್ವಿಚ್ಚು ಒಲೆಯಿಂದಾಚೆ ಇತ್ತು. ಒಂದು ಸಂಜೆ ಹಿತ್ತಿಲಿನಿಂದ ಕುದಿನೀರಿನ ಪಾತ್ರೆ ಹೊತ್ತು ಒಳಬಂದ ಅತ್ತಿಗೆ, ಅದನ್ನು ಇಳಿಸುವ ಜಾಗ ಕಾಣದೆ, ಕತ್ತಲಲ್ಲಿ ಸ್ವಿಚ್ಚಿಗಾಗಿ ಒಂದು ಕೈ ಬಿಟ್ಟರು. ಕುದಿನೀರು ತುಳುಕಿ ಎಡಗೈಯ ಮಣಿಕಟ್ಟಿನ ಮೇಲೆ ಸುಟ್ಟ ಗುರುತು ಉಳಿಯಿತು. ಅಂದಿನಿಂದ ಅವರು ಅದರ ಮೇಲೆ ಕೈಗಡಿಯಾರ ಕಟ್ಟುತ್ತಾರೆ. ಎಡಚರು ಬಲಗೈಗೆ ಕಟ್ಟುವುದಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಸಮಯ ನೋಡೋಕೆ ಯಾರು ಕಟ್ಟಿದಾರೆ?" ಎಂದು ಕೆಲಸಕ್ಕೆ ಹೊರಟುಬಿಟ್ಟರು.

ಕಡೆಗೂ ಸ್ವಂತ ಮನೆ ಮೇಲೆದ್ದಿತು. ನಾನು ನಕ್ಷೆ ಬರೆಯುವ ಕಚೇರಿಯಲ್ಲಿ ಇರುವವನು. ಅಂದಮೇಲೆ ಮನೆಯ ನಕ್ಷೆ ನನ್ನದೇ. ಅಡುಗೆಮನೆಯ ಹಾಳೆಗೆ ಮೂರು ಬಣ್ಣದ ಶಾಯಿ ಬಳಸಿದ್ದೆ. ಒಳಹೊಕ್ಕರೆ ಬಲಗೋಡೆಯ ಮೇಲೆ, ನಾಲ್ಕೂವರೆ ಅಡಿ ಎತ್ತರದಲ್ಲಿ, ಕೆಂಪು ಶಾಯಿಯಲ್ಲಿ ಸ್ವಿಚ್ಚಿನ ಫಲಕ. ಅತ್ತಿಗೆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಆಯ್ತು, ನೋಡೋಣ" ಎಂದರು.

ಗೋಡೆ ಕೊರೆಯುವ ಹಿಂದಿನ ದಿನ ಅವರು ರಜೆ ಹಾಕಿ ಬಂದರು. ಗಿಲಾವು ಕಾಣದ ಇಟ್ಟಿಗೆ ಗೋಡೆ, ಕದವಿಲ್ಲದ ಬರಿಯ ಚೌಕಟ್ಟು. ವೈರಿಂಗ್ ಮೇಸ್ತ್ರಿ ನನ್ನ ನಕ್ಷೆಯಂತೆ ಬಲಗೋಡೆಯ ಮೇಲೆ ಗುರುತು ಹಾಕಿ ನಿಂತಿದ್ದರು.

"ನನಗೆ ಎಡಗಡೆ ಬೇಕು. ಇನ್ನೂ ಕೆಳಗೆ ಬೇಕು," ಎಂದರು ಅತ್ತಿಗೆ.

"ಅಮ್ಮಾ, ನಾನು ನೂರಾರು ಮನೆ ಮಾಡಿದೀನಿ. ಎಲ್ಲರ ಮನೇಲೂ ಇಲ್ಲೇ ಇರೋದು. ಈಗ ಹೊಸ ರಾಗ ತೆಗೀಬೇಡಿ," ಎಂದರು ಮೇಸ್ತ್ರಿ.

ಮನೆ ನೋಡಲೆಂದು ಬಂದಿದ್ದ ನನ್ನ ಅಮ್ಮ ಇಟ್ಟಿಗೆ ರಾಶಿಯ ಮೇಲೆ ಕೂತಲ್ಲಿಂದಲೇ ಸೇರಿಸಿದರು: "ಒಬ್ಬಳ ಎಡಗೈಗೋಸ್ಕರ ಇಡೀ ಮನೆ ತಿರುಗಿಸೋದಾ?"

ಆಗ ಅತ್ತಿಗೆ ಆಡಿದ ಮಾತು ನನಗೆ ಇಂದಿಗೂ ಚುಚ್ಚುತ್ತದೆ. "ಐದು ಮನೇಲಿ ಬೇರೆಯವರ ಕೈಗೆ ಮಾಡಿದ್ದರಲ್ಲೇ ಅಡುಗೆ ಮಾಡಿದೀನಿ. ನನ್ನ ಜನ್ಮಕ್ಕೆ ಇದೊಂದೇ ಸ್ವಂತದ್ದು. ನಾಳೆ ಗೋಡೆ ಕೊರೆದುಬಿಟ್ರೆ ಇದೂ ಬೇರೆಯವರದೇ."

ಅಣ್ಣ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಕೊನೆಗೆ ಸೂರು ನೋಡತೊಡಗಿದ.

ಅತ್ತಿಗೆ ಚೀಲದಿಂದ ಮಡಿಸಿದ ಕಂದು ಕಾಗದವೊಂದನ್ನು ತೆಗೆದು ಬಿಡಿಸಿದರು. ರವಿಕೆಗೆ, ಅಂಗಿಗೆ ಕಾಗದದ ಮಾದರಿ ಕತ್ತರಿಸುವ ಕೈ ಅಡುಗೆಮನೆಯ ಕದಕ್ಕೂ ಪೂರ್ತಿ ಅಳತೆಯ ಮಾದರಿ ಕತ್ತರಿಸಿತ್ತು. "ಕದ ಯಾವ ಕಡೆ ತೆರೆಯುತ್ತೆ ಅಂತ ನಿಮ್ಮ ನಕ್ಷೆಲಿದೆಯೋ ಹಾಗೆ ಹಿಡೀರಿ," ಎಂದು ಅಣ್ಣನ ಕೈಗೂ ನನ್ನ ಕೈಗೂ ಕೊಟ್ಟರು. ನಾವಿಬ್ಬರೂ ಕಾಗದವನ್ನು ಒಳಕ್ಕೆ ತೆರೆದು ಬಲಗೋಡೆಗೆ ಒರಗಿಸಿದೆವು. ಮೇಸ್ತ್ರಿ ಹಾಕಿದ ಗುರುತು ಅದರ ಹಿಂದೆ ಮಾಯವಾಯಿತು. ಕದಗಳನ್ನು ನಾನು ಒಂದು ಹಾಳೆಯಲ್ಲಿ ಬರೆದಿದ್ದೆ, ಸ್ವಿಚ್ಚುಗಳನ್ನು ಇನ್ನೊಂದರಲ್ಲಿ. ಎರಡು ಹಾಳೆಗಳಿಗೂ ಪರಸ್ಪರ ಪರಿಚಯವೇ ಇರಲಿಲ್ಲ. ಮೂರು ಬಣ್ಣದ ಶಾಯಿ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು.

"ಅಳತೆ ಮೈಯಿಂದ ತಗೋಬೇಕು," ಎಂದಷ್ಟೇ ಹೇಳಿ ಅವರು ದೊಡ್ಡ ಪಾತ್ರೆಯೊಂದಕ್ಕೆ ನೀರು ತುಂಬಿಸಿದರು. ತಮ್ಮ ಎಡಮೊಣಕೈಗೆ ಬಳಪ ತಿಕ್ಕಿಕೊಂಡು, ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಒಳನಡೆದರು. ಮೊಣಕೈ ಎಡಗೋಡೆಗೆ ತಾಕಿದಲ್ಲಿ ಬಿಳಿಯ ಬೊಟ್ಟೊಂದು ಮೂಡಿತು. ಆಮೇಲೆ ಅಣ್ಣ, ನಾನು, ನಗುತ್ತಲೇ ಪಾತ್ರೆ ಎತ್ತಿ ನಗು ನಿಲ್ಲಿಸಿದ ಮೇಸ್ತ್ರಿ, ಎಲ್ಲರ ಸರದಿಯೂ ಬಂತು. ಬಲಗೋಡೆ ಕದದ ಪಾಲಾಗಿತ್ತು. ಕೈ ತುಂಬಿದವರಿಗೆ ಎಡವೇನು ಬಲವೇನು, ಎಲ್ಲ ಬೊಟ್ಟುಗಳೂ ಎಡಗೋಡೆಯ ಮೇಲೆ ಒಂದೇ ಗೇಣಿನೊಳಗೆ ಬಿದ್ದವು.

ಉಳಿದವರು ಅಮ್ಮ. "ಈ ವಯಸ್ಸಲ್ಲಿ ನನ್ನನ್ನೂ ಕುಣಿಸ್ತೀಯಾ?" ಎಂದು ಗೊಣಗುತ್ತ ಅವರೂ ನಡೆದರು. ನಮ್ಮೆಲ್ಲರಿಗಿಂತ ಗಿಡ್ಡ ಅವರು. ಅವರ ಬೊಟ್ಟು ಎಲ್ಲಕ್ಕಿಂತ ಕೆಳಗೆ. ಅತ್ತಿಗೆ ತಮ್ಮ ಬೊಟ್ಟನ್ನು ಅಂಗೈಯಿಂದ ಒರೆಸಿಬಿಟ್ಟು, ಅತ್ತೆಯ ಬೊಟ್ಟಿನ ಸುತ್ತ ಚೌಕ ಬರೆದರು.

"ಇಲ್ಲಿ ಕೊರೀರಿ. ಎತ್ತರದವರು ತೋಳು ಇಳಿಸ್ಕೋಬಹುದು. ಗಿಡ್ಡ ಇರೋರು ಬೆಳೆಯೋಕಾಗಲ್ಲ."

ಅಮ್ಮ ಚೌಕದ ಬಳಿ ಹೋಗಿ, ಖಾಲಿ ಕೈಯಲ್ಲೇ ಮೊಣಕೈಯನ್ನು ಇನ್ನೊಮ್ಮೆ ಅದಕ್ಕೆ ತಾಕಿಸಿ ನೋಡಿದರು.

ಈಗ ಅಡುಗೆಮನೆಗೆ ಯಾರೇ ಅತಿಥಿ ಬರಲಿ, ಅಮ್ಮ ಅವರ ಎರಡೂ ಕೈಗೆ ಪಾತ್ರೆ ಕೊಟ್ಟು, ದೀಪ ಆರಿಸಿ, "ಹೋಗಿ, ಹಾಗೇ ಹೋಗಿ" ಎಂದು ಒಳಗೆ ತಳ್ಳುತ್ತಾರೆ. ಮೊಣಕೈ ಸೋಕುತ್ತದೆ, ಬೆಳಕು ಬರುತ್ತದೆ. "ನಮ್ಮ ಎಡಚಿ ಮಾಡ್ಸಿದ್ದು" ಎನ್ನುವಾಗ ಅವರ ದನಿಯಲ್ಲಿ ಈಗ ಅಕ್ಕರೆಯೇ ಪೂರ್ತಿ. ಮೇಸ್ತ್ರಿಯಂತೂ ಯಾವ ಮನೆಗೆ ಹೋದರೂ ಜೇಬಿನಲ್ಲಿ ಬಳಪ ಇಟ್ಟುಕೊಂಡು, "ಇಲ್ಲಿ ಅಡುಗೆ ಮಾಡೋರು ಯಾರು, ಅವರನ್ನ ಕರೀರಿ" ಎಂದು ಕೇಳುತ್ತಾರಂತೆ.

ಅತ್ತಿಗೆಯಂಥವರು ಲೋಕದಲ್ಲಿ ಅಲ್ಲಲ್ಲಿ ಇರುತ್ತಾರೆ. ಕತ್ತರಿಯಿಂದ ಹಿಡಿದು ಕದದ ಚಿಲಕದವರೆಗೆ ಸಮಸ್ತವೂ ಇನ್ನೊಬ್ಬರ ಕೈಗೆಂದು ಮಾಡಿದ್ದೆಂಬುದನ್ನು ಅವರು ಹುಟ್ಟಿನಿಂದಲೇ ಬಲ್ಲರು. ಒಗ್ಗಿಕೊಂಡು, ಸುಟ್ಟುಕೊಂಡು, ಬೈಸಿಕೊಂಡು ಬದುಕುತ್ತಾರೆ. ಎಂದಾದರೊಂದು ದಿನ ಗೋಡೆ ಅವರದಾಗಿ ಬಳಪವೂ ಅವರ ಕೈಗೆ ಬಂದಾಗ, ಯಾರ ಕೈಗೆ ಎಟುಕುವುದಿಲ್ಲವೋ ಅವರನ್ನು ಕರೆದು ಅವರದೇ ಅಳತೆ ತೆಗೆದುಕೊಳ್ಳುತ್ತಾರೆ.