ಫರ್ಸಿಯ ಕೆಳಗಿನ ಅರ್ಥಿಂಗ್

ಬುದ್ಧ ಪೂರ್ಣಿಮೆಯ ಹಿಂದಿನ ದಿನ, ಭಾನುವಾರ, ಭಂಕೂರಿನ ನಮ್ಮ ವಿಹಾರದ ನೆಲ ತೊಳೆಯುತ್ತಿದ್ದೆ. ಆಗ ನನ್ನ ಮಗ ಕಪಿಲ ಆ ದಿನ ಕೆಲಸಕ್ಕೆ ಹೋಗಿದ್ದ ಶೆಡ್ಡಿನ ಮಾಲೀಕ ಅಜಯಕುಮಾರನ ಫೋನು ಬಂತು.

"ಲಾಲಪ್ಪ ಕಾಕಾ, ನಿಮ್ಮ ಕಪಿಲಗ ಹಾರ್ಟ್ ಅಟ್ಯಾಕ್ ಆಗ್ಯಾದ. ಶಹಾಬಾದ ದವಾಖಾನಿಗಿ ಲಗೂನ ಬರ್ರಿ."

ಪೊರಕೆಯನ್ನು ಅಲ್ಲೇ ಬಿಟ್ಟು, ಸೊಸೆ ಕರುಣಾಳನ್ನು ಕರೆದುಕೊಂಡು ಹೋದೆ. ನಾವು ಮುಟ್ಟಲು ಅರ್ಧ ತಾಸು ಹಿಡಿದಿರಬೇಕು. ಅಷ್ಟರಲ್ಲಿ ಅಜಯಕುಮಾರನ ಮಾತು ಬದಲಾಗಿತ್ತು. ನನ್ನ ಮಗನ ಬಲಗೈಯ ಮೇಲಿನ ಸುಟ್ಟ ಗುರುತನ್ನು ಡಾಕ್ಟರು ಆಗಲೇ ಬರೆದುಕೊಂಡಿದ್ದರು.

"ಕರೆಂಟ್ ಹೊಡದಾದ ಕಾಕಾ. ಬರಿಗಾಲಾಗ ನಿಂತು ಕೆಲಸ ಮಾಡ್ಲಕತ್ತಿದ್ದ. ವಾಯರ್‌ಮನ್ ಆದಂವನೇ ಹಿಂಗ ಮಾಡಿದ್ರ ನಾ ಏನ್ ಮಾಡ್ಲಿ ಹೇಳ್ರಿ?"

ಒಂದು ಸಾವಿಗೆ ಅರ್ಧ ತಾಸಿನಲ್ಲಿ ಎರಡು ಕಾರಣ ಕೊಟ್ಟ ಮನುಷ್ಯನನ್ನು ನಾನು ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ನೋಡಿದೆ. ಕಪಿಲ ಬಿಳಿ ಬಟ್ಟೆಯ ಕೆಳಗೆ ಮಲಗಿದ್ದ. ಅವನಿಗೆ ಮೂವತ್ತೆಂಟು ವರ್ಷ. ಮರುದಿನ ವಿಹಾರಕ್ಕೆ ದೀಪದ ಸರ ಕಟ್ಟುವವನಿದ್ದ.

ಮಣ್ಣು ಕೊಟ್ಟು ಬಂದ ಸಂಜೆ ಕರುಣಾ ನನ್ನ ಮುಂದೆ ಕುಳಿತಳು. ಅವಳ ಕಣ್ಣುಗಳು ಒಣಗಿದ್ದವು.

"ಮಾಮಾ, ಗುರುವಾರ ಕರೆಂಟ್ ಇನ್ಸ್‌ಪೆಕ್ಟರ್ ಬರ್ತಾರಂತ. ತನ್ನ ತಪ್ಪಿನಿಂದ ಸತ್ತಾನ ಅಂತ ಬರೀತಾರಂತ. ಅಜಯಕುಮಾರ ಊರೆಲ್ಲ ಹೇಳಾಕತ್ತಾನ. ನನಗ ಬ್ಯಾರೆ ಏನೂ ಬ್ಯಾಡ. ಅವರ ಕೈಕೆಲಸದ ಮ್ಯಾಲ ಆ ಮಾತು ಕುಂದರಬಾರ್ದು."

ನನಗೂ ಬೇರೆ ಏನೂ ಬೇಡವಾಗಿತ್ತು. ನಾನು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ಕಪಿಲನ ಕೈಗೆ ಟೆಸ್ಟರ್ ಕೊಟ್ಟವನು ನಾನೇ. ಅವನು ರಬ್ಬರ್ ಬೂಟಿಲ್ಲದೆ ಮನೆಯ ಬಲ್ಬನ್ನೂ ಬದಲಿಸುತ್ತಿರಲಿಲ್ಲ.

ಅಜಯಕುಮಾರನ ವಿಷಯ ಇಲ್ಲಿ ಹೇಳಬೇಕು. ಅವನು ಸೇಡಂನವನು. ಅವನ ಅಪ್ಪ ಶಹಾಬಾದಿನ ಹೊರಗೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಕೊಡುವ ಶೆಡ್ ನಡೆಸುತ್ತಿದ್ದ. ಮೂವತ್ತು ಜನ ಅಲ್ಲಿ ದುಡಿದು ಉಣ್ಣುತ್ತಿದ್ದರು. ಅಪ್ಪ ತೀರಿದ ಮೇಲೆ ಮಗನಿಗೆ ಕಲ್ಲಿನ ಧೂಳು ಮೈಗೆ ಹತ್ತಲಿಲ್ಲ. ಮೊಬೈಲಿನಲ್ಲಿ ಯಾರದೋ ಭಾಷಣ ಕೇಳಿ ಶೆಡ್ಡಿನ ಯಂತ್ರಗಳನ್ನು ಮಾರಿ, ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡುಗಳನ್ನು ತಂದು ಕಬ್ಬಿಣದ ಕಪಾಟುಗಳಲ್ಲಿ ಸಾಲಾಗಿ ನೇತುಹಾಕಿದ. ಆ ಕಾರ್ಡುಗಳು ಹಗಲಿರುಳು ಲೆಕ್ಕ ಮಾಡುತ್ತವೆ, ಲೆಕ್ಕಕ್ಕೆ ಪ್ರತಿಯಾಗಿ ಕಣ್ಣಿಗೆ ಕಾಣದ ನಾಣ್ಯ ಹುಟ್ಟುತ್ತದೆ ಎಂದು ನನಗೆ ಒಮ್ಮೆ ತಿಳಿಸಿ ಹೇಳಿದ್ದ. ಇದಕ್ಕೆ ಮೈನಿಂಗ್ ಎನ್ನುತ್ತಾರಂತೆ. ನಮ್ಮ ಕಡೆ ಖಣಿಯಿಂದ ಕಲ್ಲು ಬರುತ್ತದೆ, ಕಲ್ಲಿನ ಮೇಲೆ ಜನ ಮನೆ ಕಟ್ಟುತ್ತಾರೆ. ಇವನ ಖಣಿಯಿಂದ ಬಿಸಿಗಾಳಿ ಬರುತ್ತಿತ್ತು. ಅದನ್ನೂ ಫ್ಯಾನು ಹಾಕಿ ಹೊರಗೆ ತಳ್ಳುತ್ತಿದ್ದ.

ಆ ಕಾರ್ಡುಗಳಿಗೆ ಭಾರೀ ವಿದ್ಯುತ್ತು ಬೇಕು. ಹೊಸ ಪವರ್ ಸಪ್ಲೈ ಪೆಟ್ಟಿಗೆಗಳಿಗೆ ದುಡ್ಡು ಹಾಕಲು ಇವನ ಕೈ ಏಳಲಿಲ್ಲ. ದೊಡ್ಡ ಕಂಪನಿಗಳು ಎಸೆದ ಸರ್ವರ್‌ಗಳಿಂದ ಕಿತ್ತ ಹಳೆಯ ಪೆಟ್ಟಿಗೆಗಳನ್ನು ಹೈದರಾಬಾದಿನ ಗುಜರಿಯಿಂದ ಗೋಣಿಚೀಲದಲ್ಲಿ ತಂದ. ಪೆಟ್ಟಿಗೆಗಳನ್ನು ನಾನು ಹಳಿಯುವುದಿಲ್ಲ, ಅವು ಗಟ್ಟಿ ಮಾಲು. ಒಂದು ಮೊಳ ಉದ್ದ, ಇಟ್ಟಿಗೆಯಷ್ಟು ತೂಕ. ಒಳಗೆ ಮನೆಯ ಕರೆಂಟು ಹೋಗುತ್ತದೆ, ಹೊರಗೆ ಹನ್ನೆರಡು ವೋಲ್ಟ್ ಬರುತ್ತದೆ. ಆದರೆ ಸರ್ವರಿನಿಂದ ಕಿತ್ತ ಮೇಲೆ ಅವು ತಾವಾಗಿ ಏಳುವುದಿಲ್ಲ. ಹಿಂಬದಿಯ ಎರಡು ಪಿನ್ನುಗಳಿಗೆ ಚೂರು ತಂತಿ ಸೇರಿಸಿ ಎಬ್ಬಿಸಬೇಕು. ಸಣ್ಣ ಬೋರ್ಡೊಂದನ್ನು ಕೂರಿಸಿ ಅಲ್ಲಿಂದ ಕಾರ್ಡುಗಳಿಗೆ ದಪ್ಪ ತಂತಿ ಎಳೆಯಬೇಕು. ಈ ಕೆಲಸವನ್ನು ಕಪಿಲ ಮಾಡಿಕೊಟ್ಟ. ಅಜಯಕುಮಾರನಿಗೆ ಪಿನ್ನು ಯಾವುದು, ಮೊಳೆ ಯಾವುದು ತಿಳಿಯುತ್ತಿರಲಿಲ್ಲ. ಬಂದವರಿಗೆ ಮಾತ್ರ "ಎಲ್ಲಾ ನಾನೇ ಸೆಟ್ ಮಾಡೀನಿ" ಎನ್ನುತ್ತಿದ್ದ.

ಇಂಥ ಪ್ರತಿ ಪೆಟ್ಟಿಗೆಯಿಂದಲೂ ಕೂದಲೆಳೆಯಷ್ಟು ವಿದ್ಯುತ್ತು ಅದರ ತಗಡಿನ ಮೈಗೆ ಸೋರುತ್ತದೆ. ಅದು ದೋಷವಲ್ಲ, ಅದನ್ನು ಮಾಡಿರುವ ರೀತಿಯೇ ಹಾಗೆ. ಪ್ಲಗ್ಗಿನ ಮೂರನೆಯ ಪಿನ್ನು ಆ ಸೋರಿಕೆಯನ್ನು ನೆಲಕ್ಕೆ ಒಯ್ಯುತ್ತದೆ. ಒಂದು ಪೆಟ್ಟಿಗೆಯಾದರೆ ಬೆರಳಿಗೆ ಜುಮ್ಮೆನ್ನುತ್ತದೆ ಅಷ್ಟೆ. ಇಪ್ಪತ್ತನಾಲ್ಕು ಪೆಟ್ಟಿಗೆಗಳನ್ನು ಒಂದೇ ಕಬ್ಬಿಣದ ಕಪಾಟಿಗೆ ಬಿಗಿದರೆ ಇಪ್ಪತ್ತನಾಲ್ಕು ಸೋರಿಕೆಯೂ ಕೂಡುತ್ತದೆ. ಅದಕ್ಕೇ ಕಪಿಲ ಶೆಡ್ಡಿನ ಬಾಗಿಲ ಮುಂದೆ ಅರ್ಥಿಂಗ್ ಗುಂಡಿ ತೋಡಿದ. ಶಹಾಬಾದಿನ ನೆಲದಲ್ಲಿ ನಾಲ್ಕು ಫೂಟಿಗೇ ಹಾಸುಗಲ್ಲು ಬರುತ್ತದೆ. ಅದನ್ನು ಒಡೆದು ಎಂಟು ಫೂಟು ಇಳಿದು, ಇದ್ದಿಲು, ಉಪ್ಪು, ನಡುವೆ ಕಬ್ಬಿಣದ ಪೈಪು ಹೂತ. ಪೈಪಿನ ತಲೆಗೆ ತಾಮ್ರದ ತಂತಿಯನ್ನು ಬೋಲ್ಟಿನಿಂದ ಬಿಗಿದ. ಗುಂಡಿ ತೇವವಾಗಿದ್ದರೆ ಮಾತ್ರ ನೆಲ ವಿದ್ಯುತ್ತನ್ನು ಕುಡಿಯುತ್ತದೆ. ಆದ್ದರಿಂದ ಆ ಶೆಡ್ಡಿಗೆ ಹೋದಾಗಲೆಲ್ಲ ಮೊದಲು ಗುಂಡಿಗೆ ಒಂದು ಕೊಡ ನೀರು ಹಾಕಿ, ಆಮೇಲೆ ಚೀಲ ಬಿಚ್ಚುತ್ತಿದ್ದ. ಇದು ನಾನು ಕಲಿಸಿದ ಕಟ್ಟಳೆ.

ಶೆಡ್ಡಿನಲ್ಲಿ ಸೋರಿಕೆ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು ಇತ್ತು. ಮನೆಗೆ ಹಾಕುವ ಸೂಕ್ಷ್ಮ ಸ್ವಿಚ್ಚಲ್ಲ, ಪಾಲಿಶ್ ಯಂತ್ರಗಳ ಕಾಲದ ದಪ್ಪ ಸ್ವಿಚ್ಚು. ಒಬ್ಬ ಮನುಷ್ಯನನ್ನು ಕೊಲ್ಲುವಷ್ಟು ಸೋರಿಕೆಗೆ ಅದು ಬೀಳುವುದಿಲ್ಲ. ಕಪಾಟುಗಳು ಹೆಚ್ಚಾದಂತೆ ಅದೂ ಆಗಾಗ ಬೀಳತೊಡಗಿತು. ಕಪಾಟಿಗೊಂದು ಸೂಕ್ಷ್ಮ ಸ್ವಿಚ್ಚು ಹಾಕೋಣ ಎಂದು ಕಪಿಲ ಮೂರು ಸಲ ಹೇಳಿದ. ಅಜಯಕುಮಾರ ಮೂರು ಸಲವೂ ನಕ್ಕ. ಆಮೇಲೆ ಕಪಿಲ ಚಿತ್ತಾಪುರದ ಒಂದು ಶಾಲೆಯ ವೈರಿಂಗ್ ಹಿಡಿದು ಎರಡು ತಿಂಗಳು ಆ ಕಡೆಯೇ ಉಳಿದ. ಒಂದು ದಿನ ಊಟಕ್ಕೆ ಬಂದವನು ಹೇಳಿದ:

"ಯಪ್ಪಾ, ಅಜಯಕುಮಾರನ ಶೆಡ್ಡಿನಾಗ ಸ್ವಿಚ್ ಬೀಳೋದು ನಿಂತಾದಂತ. ಪೇಢಾ ಹಂಚ್ಯಾನಂತ."

"ಚೊಲೋ ಆಯ್ತು ಬಿಡು" ಎಂದೆ.

ಮದ್ದಿಲ್ಲದೆ ರೋಗ ನಿಂತಿತೆಂದರೆ ಯಾಕೆ ಎಂದು ಕೇಳಬೇಕು. ಮೂವತ್ತೊಂದು ವರ್ಷದ ಅನುಭವದವನು ನಾನು, ರೊಟ್ಟಿ ಮುರಿಯುತ್ತ ಚೊಲೋ ಆಯ್ತು ಎಂದೆ. ಚಿತ್ತಾಪುರದ ಕೆಲಸ ಮುಗಿಸಿ ಅವನು ಆ ಶೆಡ್ಡಿಗೆ ಮತ್ತೆ ಹೋದದ್ದು ಆ ಭಾನುವಾರ. ಅಜಯಕುಮಾರನ ಮೇಲೆ ನನಗಿರುವ ತಾತ್ಸಾರದಲ್ಲಿ ಒಂದು ಪಾಲನ್ನು ನನಗೂ ಇಟ್ಟುಕೊಂಡಿದ್ದೇನೆ.

ಮಂಗಳವಾರ ಮಗನ ಚೀಲ ತರಲು ಶೆಡ್ಡಿಗೆ ಹೋದೆ. ದೂರದಿಂದಲೇ ಕಣಜದ ಗೂಡಿನಂಥ ಸದ್ದು ಕೇಳಿಸಿತು. ಪೊಲೀಸರು ಹೇಳಿದ್ದಕ್ಕೆ ಒಂದು ಕಪಾಟನ್ನು ಮಾತ್ರ ನಿಲ್ಲಿಸಿ ಉಳಿದವನ್ನು ನಡೆಸಿದ್ದ. ಮೂರು ದಿನ ಬಾಗಿಲು ಹಾಕುವಷ್ಟು ಮರ್ಯಾದೆಯೂ ನನ್ನ ಮಗನ ಹೆಣಕ್ಕೆ ಸಿಕ್ಕಿರಲಿಲ್ಲ. ಬಾಗಿಲ ಹೊರಗೆ ಕಪಿಲನ ಬೂಟುಗಳು ಇದ್ದವು. ಕಾಲುಚೀಲ ಮಡಚಿ ಒಳಗೆ ತುರುಕಿಟ್ಟಿದ್ದ.

"ಬೂಟು ಯಾಕ ಹೊರಗ ಅವ?" ಎಂದೆ.

"ಒಳಗ ಲಕ್ಷ್ಮಿ ಫೋಟೋ ಅದಲ್ಲ ಕಾಕಾ. ಮಿಷಿನ್ ಅಂದ್ರ ಲಕ್ಷ್ಮೀನೇ. ಚಪ್ಪಲಿ ಹಾಕ್ಕೊಂಡು ಯಾರಿಗೂ ಬಿಡಂಗಿಲ್ಲ. ಕಪಿಲನೂ ಮೊದಲು ಬ್ಯಾಡ ಅಂದ. ಪೂಜೆ ಮಾಡಿ ನೆಲಾ ತೊಳದೀನಿ, ಬಿಡೋ ಮಾರಾಯಾ ಅಂದೆ. ಬಿಟ್ಟ."

"ಹಂಗಾರ ಬರಿಗಾಲಾಗ ನಿಂದ್ರಿಸಿದಂವ ನೀನೇ."

"ಏ, ಹಂಗಲ್ಲ ಕಾಕಾ..." ಎಂದು ಮೊಬೈಲು ನೋಡತೊಡಗಿದ.

ದೇವರನ್ನು ನಂಬುವವರನ್ನು ನಾನು ಹೀಗಳೆಯುವುದಿಲ್ಲ. ಆದರೆ ಗುಜರಿಯಿಂದ ತಂದ ತಗಡನ್ನು ದೇವತೆ ಮಾಡಿ, ಆ ದೇವತೆಯ ಮುಂದೆ ಒದ್ದೆ ನೆಲದಲ್ಲಿ ಕೆಲಸಗಾರನ ಬೂಟು ಬಿಡಿಸುವುದು ಭಕ್ತಿಯಲ್ಲ. ಅದು ಹುಂಬತನ. ಅದಕ್ಕೆ ಕುಂಕುಮ ಹಚ್ಚಿದ್ದ, ಅಷ್ಟೆ.

ಚೀಲದಿಂದ ಕಪಿಲನ ಟೆಸ್ಟರ್ ತೆಗೆದು, ನನ್ನ ರಬ್ಬರ್ ಚಪ್ಪಲಿ ಬಿಡದೆ ಒಳಗೆ ಹೋಗಿ, ನಡೆಯುತ್ತಿದ್ದ ಕಪಾಟಿಗೆ ಹಿಡಿದೆ. ಟೆಸ್ಟರಿನ ದೀಪ ಹತ್ತಿತು, ಕಪಾಟಿನ ಮೈಯಲ್ಲೇ ಕರೆಂಟಿತ್ತು. ಕಪಾಟಿನಿಂದ ಹೊರಟ ಅರ್ಥಿಂಗಿನ ಹಸಿರು ತಂತಿ ನೆಟ್ಟಗಿತ್ತು, ಕಪಿಲ ಬಿಗಿದ ಹಾಗೆಯೇ ಗೋಡೆಗುಂಟ ಬಾಗಿಲವರೆಗೆ ಹೋಗಿತ್ತು. ಅಲ್ಲಿಂದ ನೆಲದೊಳಗೆ ಇಳಿದಿತ್ತು. ನೋಡಿದವರು ಯಾರಾದರೂ ಅದನ್ನು ನಂಬುತ್ತಿದ್ದರು. ಕಪಿಲನೂ ನಂಬಿದ. ಆದರೆ ಬಾಗಿಲ ಮುಂದೆ ಗುಂಡಿಯೇ ಇರಲಿಲ್ಲ. ಅಂಗಳದ ತುಂಬ ಹೊಸ ಫರ್ಸಿ ಹಾಸಿತ್ತು.

"ಗುಂಡಿ ಎಲ್ಲಿ?"

"ಮುಚ್ಚಿಸೀನಿ ಕಾಕಾ. ಚಿಂಚೋಳಿ ಕಡಿಂದ ವಾಸ್ತುದವರು ಬಂದಿದ್ರು. ಬಾಗಿಲ ಮುಂದ ತಗ್ಗು ಇದ್ರ ಬಂದ ರೊಕ್ಕ ಅದರಾಗೇ ಇಳೀತದ, ಅದಕ್ಕೇ ಸ್ವಿಚ್ ಬೀಳಾಕತ್ತಾದ ಅಂದ್ರು. ಖರೇ ಆಯ್ತು ನೋಡ್ರಿ! ಫರ್ಸಿ ಹಾಕಿದ ದಿನದಿಂದ ಒಂದು ಸಲನೂ ಬಿದ್ದಿಲ್ಲ."

ಅವನ ಮುಖದಲ್ಲಿ ಹೆಮ್ಮೆ ಇತ್ತು. ನನ್ನ ಮಗ ಸತ್ತ ಜಾಗದಿಂದ ನಾಲ್ಕು ಮಾರು ದೂರ ನಿಂತು ಅವನು ನನಗೆ ವಾಸ್ತುವಿನ ಮಹಿಮೆ ಹೇಳುತ್ತಿದ್ದ.

"ಅಜಯಕುಮಾರ, ಸೋರಿಕೆಗೆ ನೆಲಕ್ಕ ಹೋಗೋ ದಾರಿನೇ ಇಲ್ಲಂದ್ರ ಸ್ವಿಚ್ ಯಾಕ ಬೀಳ್ತದ? ಅದು ಕಪಾಟಿನಾಗೇ ಕುಂತು ಮನುಷ್ಯಾನ ದಾರಿ ಕಾದಾದ."

"ಪೈಪಿಗಿ ನಾ ಕೈ ಹಚ್ಚಿಲ್ಲ. ಕಪಿಲ ಕೇಳಿದಾಗೂ ಇದೇ ಹೇಳೀನಿ. ಫರ್ಸಿ ಕೆಳಗ ಹಂಗೇ ಅದ."

"ಎಬ್ಬಿಸಿ ತೋರ್ಸು."

"ಹೊಸ ಫರ್ಸಿ ಕಾಕಾ! ನಿಮಗ ಏನಾಗ್ಯಾದ?"

ನಾನು ಕೆಳಗೆ ಬಗ್ಗಿ ಕಲ್ಲಿನ ಸಂದುಗಳನ್ನು ನೋಡಿದೆ. ಮೂಲೆಗಳು ಕೂಡುವಲ್ಲಿ ಉಗುರು ಹೋಗಲೂ ಜಾಗವಿರಲಿಲ್ಲ. ಹೀಗೆ ಹಾಸುವವನು ಈ ಸುತ್ತಿನಲ್ಲಿ ಒಬ್ಬನೇ, ನಮ್ಮ ಭಂಕೂರಿನ ಅಬ್ದುಲ್ ಗನಿ. ನನ್ನ ಮನೆಯ ನೆಲವನ್ನೂ ಅವನೇ ಹಾಸಿದ್ದಾನೆ.

ಗನಿ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಬರ್ರಿ ಲಾಲಪ್ಪಣ್ಣ, ಕುಂದ್ರಿ. ಕಪಿಲನ ಸುದ್ದಿ ಕೇಳಿದಾಗಿಂದ ತುತ್ತು ಇಳೀವಲ್ದು."

"ಗನಿಭಾಯ್, ಅಜಯಕುಮಾರನ ಅಂಗಳದಾಗ ಬಾಗಿಲ ಮುಂದ ಒಂದು ಪೈಪ್ ಇತ್ತಲ್ಲ, ಅದಕ್ಕ ಏನ್ ಮಾಡಿದ್ರಿ?"

"ಹಾಂ, ಒಂದು ಗೇಣು ಮ್ಯಾಲ ಬಂದಿತ್ತು. ಫರ್ಸಿ ಕುಂದರಲಿಲ್ಲ. ಇದೇನ್ರಿ ಸಾವ್ಕಾರ ಅಂದೆ. ಹಳೀ ಬೋರಿನ ಪೈಪು, ಕೊಯ್ದು ಒಗಿ ಅಂದ. ಬ್ಲೇಡ್ ಹಾಕಿ ಕೊಯ್ದು ಸಮಾ ಮಾಡಿದೆ. ತಲಿಗೊಂದು ತಂತಿ ಬಿಗಿದಿತ್ತು..."

ಅವನು ನನ್ನ ಮುಖ ನೋಡಿದ. ಆಮೇಲೆ ತನ್ನ ಎರಡೂ ಕೈಗಳನ್ನು ನೋಡಿಕೊಂಡ.

"ಯಾ ಅಲ್ಲಾ. ಅದು ಕಪಿಲನ ಕೆಲಸ ಇತ್ತೇನು?"

"ಹೂಂ."

"ಬೋರಿನ ಸುತ್ತ ಉಪ್ಪು ಇದ್ದಿಲು ಯಾಕ ಇರ್ತಾವ ಅಂತ ನನಗ ಹೊಳೀಬೇಕಿತ್ತು. ಕಲ್ಲು ಸಮಾ ಬಂದ್ರ ಸಾಕು ಅಂದ್ಕೊಂಡೆ. ಅಣ್ಣಾ, ನನ್ನ ಬೈದುಬಿಡ್ರಿ."

ಚೊಲೋ ಆಯ್ತು ಬಿಡು ಎಂದವನು ನಾನು, ಇವನನ್ನು ಏನೆಂದು ಬೈಯಲಿ?

"ಗುರುವಾರ ಬಂದು ಆ ಕಲ್ಲು ಎಬ್ಬಿಸಿರಿ, ಅಷ್ಟು ಸಾಕು" ಎಂದೆ.

"ನನ್ನ ಮ್ಯಾಲೂ ಕೇಸ್ ಬರ್ತದಲ್ಲ?"

"ಬಂದ್ರೂ ಬರಬಹುದು."

ಅವನು ಒಳಗೆ ಹೋಗಿ ಹಾರೆ ತೆಗೆದಿಟ್ಟ. "ಬರ್ಲಿ. ಬರ್ತೀನಿ" ಎಂದ.

ಗುರುವಾರ ಇನ್ಸ್‌ಪೆಕ್ಟರ್ ಬಂದಾಗ ನಾನೂ ಕರುಣಾಳೂ ಶೆಡ್ಡಿನಲ್ಲಿದ್ದೆವು. ಅಜಯಕುಮಾರ ಇಸ್ತ್ರಿ ಅಂಗಿ ಹಾಕಿಕೊಂಡು ಚಹಾ ತರಿಸಿದ್ದ. ಹಸಿರು ತಂತಿಯನ್ನು ತೋರಿಸಿ, "ಅರ್ಥಿಂಗ್ ಪಕ್ಕಾ ಅದ ಸರ್. ಪಾಪ, ಬರಿಗಾಲಾಗ ಇದ್ದ" ಎಂದ. ಇನ್ಸ್‌ಪೆಕ್ಟರ್ ಬರೆಯಲು ಪೆನ್ನು ತೆಗೆದರು. ಅಷ್ಟರಲ್ಲಿ ಗನಿ ಹಾರೆ ಹೊತ್ತು ಒಳಗೆ ಬಂದ.

"ಸರ್, ಬರೆಯೋಕ ಮೊದಲ ಒಂದು ಕಲ್ಲು ಎಬ್ಬಿಸ್ತೀನಿ. ಹಾಸಿದಂವ ನಾನೇ, ಒಡೆಯಂಗಿಲ್ಲ."

"ಏ ಗನಿ, ನಿನಗ್ಯಾರು ಕರದಾರ? ಹೊರಗ ನಡಿ!" ಎಂದು ಅಜಯಕುಮಾರ ಕೂಗಿದ.

"ಸಾವ್ಕಾರ, ನಿಮ್ಮ ಹಳೀ ಬೋರ್ ತೋರ್ಸಲಕ ಬಂದೀನಿ. ಸರ್ ಅವರು ನೀರಾದ್ರೂ ಕುಡೀಲಿ. ನಿಮ್ಮ ಚಹಾ ಯಾಕ?"

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು, "ಎಬ್ಬಿಸು" ಎಂದರು. ಗನಿ ಸಂದಿಗೆ ಹಾರೆ ಕೊಟ್ಟ. ಕಲ್ಲು ಮೂಲೆ ಮುಕ್ಕಾಗದೆ ಮೇಲೆದ್ದಿತು. ಕೆಳಗೆ ಕೊಯ್ದ ಪೈಪಿನ ಬಾಯಿ, ಬೂದಿಯಂತೆ ಒಣಗಿದ ಇದ್ದಿಲು ಕಂಡವು. ಪಕ್ಕದಲ್ಲಿ ಪೈಪಿನ ತಲೆಯ ತುಂಡು ಬಿದ್ದಿತ್ತು. ಅದರ ಮೇಲೆ ಕಪಿಲ ಬಿಗಿದ ಬೋಲ್ಟು, ಬೋಲ್ಟಿನಲ್ಲಿ ತಾಮ್ರದ ತಂತಿ ಇನ್ನೂ ಇತ್ತು. ಇನ್ಸ್‌ಪೆಕ್ಟರ್ ಎಳೆದು ನೋಡಿದರು. ಒಂದು ಎಳೆಯೂ ಅಲುಗಲಿಲ್ಲ.

"ಕೆಲಸ ಚೊಲೋ ಮಾಡ್ಯಾನ" ಎಂದರು.

ಕರುಣಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾಲ್ಕು ದಿನದಲ್ಲಿ ಅವಳು ಅತ್ತದ್ದು ಆಗಲೇ.

ಇನ್ಸ್‌ಪೆಕ್ಟರ್ ಪೈಪು ಕೊಯ್ದದ್ದೇ ಸಾವಿಗೆ ಕಾರಣ ಎಂದು ಬರೆದುಕೊಂಡು ಶೆಡ್ಡಿನ ಮುಖ್ಯ ಸ್ವಿಚ್ಚನ್ನು ತಾವೇ ಇಳಿಸಿದರು. ಕಣಜದ ಸದ್ದು ಒಮ್ಮೆಲೇ ಅಡಗಿತು. ಆ ಮೌನದಲ್ಲಿ ಅಜಯಕುಮಾರನ ಬಾಯಿಂದ ಬಂದ ಮಾತು ಇದು: "ಸರ್, ಇವತ್ತೊಂದಿನ ಬಿಡ್ರಿ. ಇವತ್ತ ರೇಟ್ ಏರ್ಯಾದ."

ದ್ವೇಷ ಮಾಡಬೇಡ ಎಂದು ಭಗವಾನರು ಹೇಳಿದ್ದಾರೆ. ನಾನು ದ್ವೇಷ ಮಾಡಲಿಲ್ಲ. ದ್ವೇಷಕ್ಕೆ ಎದುರಿಗೆ ಒಬ್ಬ ಮನುಷ್ಯನಾದರೂ ಬೇಕಲ್ಲ. ಸೆಪ್ಟೆಂಬರಿನಲ್ಲಿ ಆ ನಾಣ್ಯ ಮಾಡುವ ಕ್ರಮವೇ ಬದಲಾಗಿ ಅವನ ಕಾರ್ಡುಗಳು ಕೆಲಸಕ್ಕೆ ಬಾರದೆ ಹೋದವು. ಪೆಟ್ಟಿಗೆಗಳು ಬಂದ ಗೋಣಿಚೀಲದಲ್ಲೇ ಗುಜರಿಗೆ ಮರಳಿದವು. ಅವನ ಮೇಲೂ ಗನಿಯ ಮೇಲೂ ಕೇಸು ಇನ್ನೂ ನಡೆದಿದೆ. ಗನಿ ಪ್ರತಿ ತಾರೀಖಿಗೂ ತಪ್ಪದೆ ಹೋಗಿ ನಿಲ್ಲುತ್ತಾನೆ. ಅಜಯಕುಮಾರ ಡಾಕ್ಟರ ಚೀಟಿ ಕಳಿಸುತ್ತಾನೆ, ಹೃದಯದ ತೊಂದರೆಯಂತೆ. ಅವನಿಗೆ ಹೃದಯ ಇದೆ ಎಂದು ನನಗೆ ಮೊದಲ ಸಲ ತಿಳಿಯಿತು.

ಆ ಗುರುವಾರ ಎಲ್ಲರೂ ಹೋದ ಮೇಲೆ ನಾನೂ ಕರುಣಾಳೂ ಆ ಗುಂಡಿಯ ಹತ್ತಿರ ಉಳಿದೆವು. ಗನಿ ಒಂದು ಕೊಡ ನೀರು ತಂದುಕೊಟ್ಟು ದೂರ ಸರಿದು ನಿಂತ. ತೀರಿದವರಿಗೆ ಪುಣ್ಯ ಅರ್ಪಿಸುವಾಗ ನಮ್ಮಲ್ಲಿ ನೀರು ಎರೆಯುವ ಪದ್ಧತಿ ಇದೆ. ವಿಹಾರದಲ್ಲಿ ತಟ್ಟೆಗೆ ಎರೆಯುತ್ತೇವೆ. ನಾನು ಒಣಗಿದ ಇದ್ದಿಲಿನ ಮೇಲೆ ನಿಧಾನವಾಗಿ ಎರೆದೆ. ನೆಲ ಸದ್ದು ಮಾಡುತ್ತ ಕುಡಿಯಿತು.

ಈ ನೀರು ಹೇಗೆ ಕೆಳಗಿಳಿದು ಬಾಯಾರಿದ ಮಣ್ಣನ್ನು ಮುಟ್ಟುತ್ತದೆಯೋ, ಹಾಗೆ ನಾನು ಮಾಡಿದ ಅಷ್ಟಿಷ್ಟು ಪುಣ್ಯ ನನ್ನ ಮಗ ಕಪಿಲನನ್ನು ಮುಟ್ಟಲಿ. ಅವನು ಕಟ್ಟಿದ ತಂತಿಗಳು ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಜನ ಕ್ಷೇಮವಾಗಿರಲಿ. ಅವನಿಗೆ ನೋವಿಲ್ಲದಿರಲಿ, ಭಯವಿಲ್ಲದಿರಲಿ. ಅವನು ಶಾಂತನಾಗಿರಲಿ.